ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ದೂರದ ಊರಿಗೆ ಮೊದಲ ಸಲ ವಿಮಾನದ ಟಿಕೆಟ್ ಮಾಡಿಸುವವರಿಗೆ ಒಂದು ಗೊಂದಲ ಆಗಿಯೇ ಆಗುತ್ತದೆ. ಫೋನಿನಲ್ಲಿ ಎರಡು ನಗರಗಳ ಹೆಸರು ಹಾಕಿ ಹುಡುಕಿದರೆ, ಇಷ್ಟು ಕಿಲೋಮೀಟರ್, ಆರೂವರೆ ಗಂಟೆ ಅಂತ ಬರುತ್ತದೆ. ಟಿಕೆಟ್‌ನಲ್ಲಿ ನೋಡಿದರೆ ಎಂಟು ಗಂಟೆ. ಹತ್ತಿ ಕೂತ ಮೇಲೆ ಪೈಲಟ್ ಮೈಕಿನಲ್ಲಿ ಏಳು ಗಂಟೆ ಹತ್ತು ನಿಮಿಷ ಅನ್ನುತ್ತಾರೆ. ವಾಪಸ್ ಬರುವಾಗ ಅದೇ ದೂರಕ್ಕೆ ಆರೇ ಗಂಟೆ. ಇಷ್ಟರಲ್ಲಿ ಯಾವುದನ್ನು ನಂಬುವುದು?

ಎಲ್ಲವೂ ಸರಿಯೇ. ಒಂದೊಂದು ಅಂಕಿಯೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಎರಡು ಊರುಗಳ ನಡುವಿನ ದೂರ ಬದಲಾಗುವುದಿಲ್ಲ. ಆದರೆ ವಿಮಾನ ಹಾರುವ ದಾರಿ ದಿನಕ್ಕೊಂದು ಥರ ಇರಬಹುದು. ಸಮಯವಂತೂ ಗಾಳಿಯ ಕೈಯಲ್ಲಿದೆ. ಯಾವ ಅಂಕಿ ಎಲ್ಲಿಂದ ಬಂತು ಅಂತ ಗೊತ್ತಾದರೆ, ಯಾವುದನ್ನು ಯಾವುದಕ್ಕೆ ಬಳಸಬೇಕು ಅನ್ನುವುದೂ ಗೊತ್ತಾಗುತ್ತದೆ. ಬುಡದಿಂದಲೇ ನೋಡೋಣ.

ದೂರ ಅಳೆಯುವುದು ಹೇಗೆ?

ವಿಮಾನದ ದೂರವನ್ನು ಊರಿನ ನಡುಮಧ್ಯದಿಂದ ಅಳೆಯುವುದಿಲ್ಲ. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದು ವಿಮಾನ ನಿಲ್ದಾಣಕ್ಕೆ ಅಳೆಯುತ್ತಾರೆ. ಪ್ರತಿ ನಿಲ್ದಾಣಕ್ಕೂ ಎರಡು ಅಂಕಿಗಳ ವಿಳಾಸ ಇರುತ್ತದೆ. ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಅನ್ನುವುದು ಅಕ್ಷಾಂಶ. ಲಂಡನ್ನಿನ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಅನ್ನುವುದು ರೇಖಾಂಶ.

ಈಗ ಒಂದು ಗ್ಲೋಬ್ ತಗೊಂಡು, ಎರಡು ಊರುಗಳ ಮೇಲೆ ಒಂದು ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಸರಿದು ಒಂದು ಕಡೆ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ಆ ದಾರವನ್ನು ಹಾಗೆಯೇ ಮುಂದುವರಿಸಿ ಗ್ಲೋಬಿಗೆ ಸುತ್ತು ಹಾಕಿದರೆ, ಅದು ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಇದಕ್ಕೆ ಮಹಾವೃತ್ತ ಅನ್ನುತ್ತಾರೆ. ಎರಡು ನಗರಗಳ ವಿಮಾನ ದೂರ ಅಂತ ನಾವು ಓದುವುದು ಈ ದಾರದ ಉದ್ದವನ್ನೇ.

ಲೆಕ್ಕ ಕಷ್ಟದ್ದಲ್ಲ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಒಂದು ಸುತ್ತಿಗೆ 360 ಡಿಗ್ರಿ. ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಲಂಡನ್ ಮತ್ತು ನ್ಯೂಯಾರ್ಕ್ ಎರಡರಿಂದಲೂ ಭೂಮಿಯ ಕೇಂದ್ರಕ್ಕೆ ಒಂದೊಂದು ಗೆರೆ ಎಳೆದರೆ, ಆ ಗೆರೆಗಳ ನಡುವಿನ ಕೋನ ಹೆಚ್ಚುಕಡಿಮೆ 50 ಡಿಗ್ರಿ. 50ನ್ನು 111ರಿಂದ ಗುಣಿಸಿದರೆ 5,550 ಕಿ.ಮೀ. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ ಇರುವ ದೂರ ಅಷ್ಟೇ.

ವಿಮಾನಯಾನದಲ್ಲಿ ಕಿಲೋಮೀಟರ್ ಬದಲು ನಾಟಿಕಲ್ ಮೈಲಿ ಬಳಸುವುದು ಇದೇ ಕಾರಣಕ್ಕೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗ ಸುಮಾರು ಒಂದು ನಾಟಿಕಲ್ ಮೈಲಿ. ಅಂದರೆ 1,852 ಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ. ಹಡಗಿನವರ ಕಾಲದಿಂದ ಬಂದ ಅಳತೆ ಇದು. 50 ಡಿಗ್ರಿ ಅಂದರೆ ಮೂರು ಸಾವಿರ ನಾಟಿಕಲ್ ಮೈಲಿ ಅಂತ ಬಾಯಲ್ಲೇ ಲೆಕ್ಕ ಹೇಳಬಹುದು.

ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಹತ್ತಿರ ಸ್ವಲ್ಪ ಉಬ್ಬಿದೆ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ. ಇದ್ದರೆ ಧ್ರುವಕ್ಕೆ 6,357 ಕಿ.ಮೀ. ಹಾಗಾಗಿ ಎರಡು ಕಡೆ ನೋಡಿದ ದೂರಗಳಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಒಬ್ಬರು ಭೂಮಿಯನ್ನು ಗುಂಡು ಅಂತ ಹಿಡಿದಿದ್ದಾರೆ, ಇನ್ನೊಬ್ಬರು ಉಬ್ಬನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ, ಅಷ್ಟೇ. ಇನ್ನೊಂದು ಮಾತು: ಭೂಮಿಯ ಮೇಲಿನ ಯಾವ ಎರಡು ಊರುಗಳ ನಡುವೆಯೂ ಸುಮಾರು 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರುವುದಕ್ಕೆ ಸಾಧ್ಯವಿಲ್ಲ. ಅದು ಅರ್ಧ ಸುತ್ತು. ಅದನ್ನು ದಾಟಿದರೆ ಇನ್ನೊಂದು ಕಡೆಯಿಂದ ಹೋಗುವುದೇ ಹತ್ತಿರ.

ನಕ್ಷೆಯಲ್ಲಿ ದಾರಿ ಯಾಕೆ ಬಾಗಿರುತ್ತದೆ?

ಸೀಟಿನ ಎದುರಿನ ಪರದೆಯಲ್ಲಿ ವಿಮಾನದ ದಾರಿಯನ್ನು ನೋಡಿದವರಿಗೆ ಇದು ವಿಚಿತ್ರ ಅನಿಸುತ್ತದೆ. ನ್ಯೂಯಾರ್ಕ್ ಲಂಡನ್ನಿಗಿಂತ ಬಹಳ ದಕ್ಷಿಣಕ್ಕಿದೆ. ಆದರೂ ಲಂಡನ್ನಿನಿಂದ ಹೊರಟ ಹತ್ತಿರದ ದಾರಿ ಮೊದಲು ಪಶ್ಚಿಮಕ್ಕೆ, ಸ್ವಲ್ಪ ಉತ್ತರದ ಕಡೆ ವಾಲಿಕೊಂಡು ಹೋಗುತ್ತದೆ. ಆಮೇಲೆ ಕಮಾನಿನಂತೆ ಬಾಗಿ ಕೆಳಗಿಳಿಯುತ್ತದೆ. ಸುಮ್ನೆ ಸುತ್ತಿಕೊಂಡು ಹೋಗುತ್ತಿದೆ ಅನಿಸಿದರೆ ತಪ್ಪೇನಿಲ್ಲ. ಆದರೆ ಬಾಗಿರುವುದು ನಕ್ಷೆ, ದಾರಿ ನೆಟ್ಟಗೇ ಇದೆ.

ಗೋಡೆಗೆ ನೇತುಹಾಕುವ ಲೋಕದ ನಕ್ಷೆಗಳಲ್ಲಿ ಹೆಚ್ಚಿನವು ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಮಾಡಿದ ಕ್ರಮವನ್ನೋ ಅದರ ಹತ್ತಿರದ್ದನ್ನೋ ಅನುಸರಿಸುತ್ತವೆ. ದುಂಡಗಿರುವುದನ್ನು ಚಪ್ಪಟೆ ಮಾಡಬೇಕಾದರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಮರ್ಕೇಟರ್ ನಕ್ಷೆ ಧ್ರುವಗಳ ಕಡೆ ಹೋದಷ್ಟೂ ಎಳೆಯುತ್ತದೆ. ಅದಕ್ಕೇ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು.

ದೂರಕ್ಕೂ ಇದೇ ಗತಿ. ಸಮಭಾಜಕದಲ್ಲಿ ಪೂರ್ವ-ಪಶ್ಚಿಮವಾಗಿ ಒಂದು ಡಿಗ್ರಿ ದಾಟಬೇಕಾದರೆ 111 ಕಿ.ಮೀ. ಹೋಗಬೇಕು. 60 ಡಿಗ್ರಿ ಉತ್ತರದಲ್ಲಿ ಅದರ ಅರ್ಧ ಹೋದರೆ ಸಾಕು. ಧ್ರುವದ ಕಡೆ ರೇಖಾಂಶಗಳು ಹತ್ತಿರ ಹತ್ತಿರ ಬರುತ್ತವಲ್ಲ, ಅದಕ್ಕೆ. ಆದ್ದರಿಂದ ಸ್ವಲ್ಪ ಉತ್ತರಕ್ಕೆ ಏರಿ ದಾಟುವುದು ಲಾಭ. ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ನೆಟ್ಟನೆ ಗೆರೆಯಲ್ಲೇ ಲಂಡನ್ನಿನಿಂದ ನ್ಯೂಯಾರ್ಕ್‌ಗೆ ಹೋದರೆ ಸುಮಾರು 5,770 ಕಿ.ಮೀ. ಆಗುತ್ತದೆ. ಬಾಗಿದಂತೆ ಕಾಣುವ ದಾರಿಗಿಂತ 200 ಕಿಲೋಮೀಟರ್‌ಗೂ ಜಾಸ್ತಿ.

ದಕ್ಷಿಣಾರ್ಧದಲ್ಲಿ ಇದು ತಲೆಕೆಳಗು. ಆಸ್ಟ್ರೇಲಿಯಾದ ಸಿಡ್ನಿಯಿಂದ ಚಿಲಿಯ ಸಾಂಟಿಯಾಗೋಕ್ಕೆ ಹತ್ತಿರದ ದಾರಿ ಅಂಟಾರ್ಕ್ಟಿಕಾದ ಕಡೆಗೆ ಬಾಗುತ್ತದೆ.

ಆ ಗೆರೆಯ ಮೇಲೆಯೇ ವಿಮಾನ ಹಾರುವುದಿಲ್ಲ

ಮಹಾವೃತ್ತ ಅನ್ನುವುದು ಲೆಕ್ಕದ ಗೆರೆ. ವಿಮಾನ ಅದನ್ನು ಬಿಟ್ಟು ಸರಿಯುವುದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು, ಆಕಾಶದಲ್ಲೂ ರಸ್ತೆಗಳಿವೆ. ನಕ್ಷೆಯಲ್ಲಿ ಗುರುತು ಮಾಡಿದ ಬಿಂದುಗಳಿರುತ್ತವೆ. ಒಂದೊಂದಕ್ಕೂ ರೇಡಿಯೋದಲ್ಲಿ ಸುಲಭವಾಗಿ ಹೇಳಬಹುದಾದ ಐದು ಇಂಗ್ಲಿಷ್ ಅಕ್ಷರಗಳ ಹೆಸರು. ಐರ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ ಶುರುವಾಗುವ ಕಡೆ ಮಾಲೋಟ್, ಲಿಮ್ರಿ, ಡೋಗಲ್ ಅಂತ ಇಂಥ ಬಿಂದುಗಳಿವೆ. ವಿಮಾನ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಸಾಗರದ ಮಧ್ಯೆ ರಾಡಾರ್ ಎಟುಕುವುದಿಲ್ಲ. ಹಾಗಾಗಿ ಉತ್ತರ ಅಟ್ಲಾಂಟಿಕ್‌ನಲ್ಲಿ ಪಕ್ಕಪಕ್ಕ ಸಾಗುವ ದಾರಿಗಳನ್ನು ದಿನಕ್ಕೆ ಎರಡು ಸಲ ಹೊಸದಾಗಿ ಗುರುತು ಮಾಡುತ್ತಾರೆ. ಯುರೋಪಿನಿಂದ ಅಮೆರಿಕಕ್ಕೆ ಹೋಗುವವರಿಗೆ ಒಂದು ಸಲ, ಅಮೆರಿಕದಿಂದ ಬರುವವರಿಗೆ ಇನ್ನೊಂದು ಸಲ. ಆ ದಿನದ ಗಾಳಿ ನೋಡಿ ದಾರಿ ಹಾಕುತ್ತಾರೆ. ನಿನ್ನೆಯ ದಾರಿ ಇವತ್ತು ಇರಬೇಕೆಂದೇನಿಲ್ಲ.

ಎರಡನೆಯದು ಎಂಜಿನ್ನಿನ ಲೆಕ್ಕ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ಕೆಟ್ಟರೆ, ಉಳಿದ ಒಂದರಲ್ಲೇ ನಿಗದಿಯಾದ ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ಅಮೆರಿಕದಲ್ಲಿ 1953ರಲ್ಲಿ ಬಂದ ನಿಯಮದ ಪ್ರಕಾರ ಆ ಹೊತ್ತು 60 ನಿಮಿಷ. ಎಂಜಿನ್‌ಗಳು ನಂಬಿಕೆ ಗಳಿಸಿದಂತೆ 1985ರಲ್ಲಿ ಅದು 120 ನಿಮಿಷ ಆಯಿತು, ಆಮೇಲೆ 180. ಏರ್‌ಬಸ್ ಎ350ಗೆ 370 ನಿಮಿಷದವರೆಗೂ ಅನುಮತಿ ಸಿಕ್ಕಿದೆ. ಈ ಅಂಕಿ ಸಣ್ಣದಿದ್ದಾಗ ವಿಮಾನಗಳು ದಡ ಹಿಡಿದುಕೊಂಡು, ದ್ವೀಪದಿಂದ ದ್ವೀಪಕ್ಕೆ ಸುತ್ತಿ ಹೋಗಬೇಕಿತ್ತು. ಈಗ ಎರಡು ಎಂಜಿನ್‌ನಲ್ಲೇ ಸಾಗರವನ್ನು ಸೀಳಿಕೊಂಡು ಹೋಗುತ್ತವೆ.

ಮೂರನೆಯದು ನೆಲದ ಎತ್ತರ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ದೂರದ ವಿಮಾನಗಳು ಹಾರುವುದು ಕಡಿಮೆ. ವಿಮಾನ 11 ಕಿ.ಮೀ. ಎತ್ತರದಲ್ಲಿರುವಾಗ ಬೆಟ್ಟ ಅಡ್ಡ ಬರುವುದಿಲ್ಲ ಅಲ್ವಾ ಅಂತ ಕೇಳಬಹುದು. ತೊಂದರೆ ಇರುವುದು ಕೆಟ್ಟ ದಿನಕ್ಕೆ. ಒಳಗಿನ ಗಾಳಿಯ ಒತ್ತಡ ಹೋದರೆ ಪ್ರಯಾಣಿಕರ ತಲೆಯ ಮೇಲಿಂದ ಆಮ್ಲಜನಕದ ಮಾಸ್ಕ್ ಬೀಳುತ್ತದೆ. ಸಾಮಾನ್ಯ ವಿಮಾನಗಳಲ್ಲಿ ಅದು ಸಾಲುವುದು ಹತ್ತಿಪ್ಪತ್ತು ನಿಮಿಷಕ್ಕೆ ಮಾತ್ರ. ಅಷ್ಟರಲ್ಲಿ ಪೈಲಟ್ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಆದರೆ ಟಿಬೆಟ್‌ನಲ್ಲಿ ನೆಲವೇ ಸರಾಸರಿ 4.5 ಕಿ.ಮೀ. ಎತ್ತರದಲ್ಲಿದೆ. ಇಳಿಯುವುದಕ್ಕೆ ಜಾಗವೇ ಇಲ್ಲ. ಅದಕ್ಕೇ ಸುತ್ತುವುದು.

ನಾಲ್ಕನೆಯದು ಈಚಿನ ವರ್ಷಗಳಲ್ಲಿ ಪ್ರಯಾಣಿಕರಿಗೆ ನೇರವಾಗಿ ತಟ್ಟಿದ್ದು. ಪ್ರತಿ ದೇಶದ ನೆಲದ ಮೇಲಿನ ಆಕಾಶ ಆ ದೇಶದ್ದು. ಬೇಡ ಅಂದರೆ ಯಾರೂ ಹಾರುವಂತಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರಿದರೆ ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. ಮುಚ್ಚಿದ ಮೇಲೆ ಫಿನ್‌ಏರ್ ವಿಮಾನಗಳು ಉತ್ತರ ಧ್ರುವದ ಮೇಲಿಂದ ಅಲಾಸ್ಕಾ ಕಡೆಗೆ ಹೋಗಿ, ಅಲ್ಲಿಂದ ಜಪಾನಿಗೆ ಇಳಿಯತೊಡಗಿದವು. ಸುಮಾರು 13 ಗಂಟೆ. ಊರುಗಳು ಇದ್ದಲ್ಲೇ ಇವೆ, ದೂರದ ಅಂಕಿಯೂ ಬದಲಾಗಿಲ್ಲ, ಪ್ರಯಾಣ ಮಾತ್ರ ಮೂರುವರೆ ಗಂಟೆ ಉದ್ದವಾಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿದಾಗಲೂ ಹೀಗೇ ಆಯಿತು. ದಿಲ್ಲಿಯಿಂದ ಉತ್ತರ ಅಮೆರಿಕಕ್ಕೆ ತಡೆಯಿಲ್ಲದೆ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದು ಹೋಗಬೇಕಾಯಿತು.

ವಿಮಾನದ ವೇಗ ಎಷ್ಟು?

ದೊಡ್ಡ ಪ್ರಯಾಣಿಕ ವಿಮಾನಗಳು ಮೇಲೇರಿದ ಮೇಲೆ ಗಂಟೆಗೆ 830ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಪೈಲಟ್‌ಗಳು ಇದನ್ನು ಮ್ಯಾಕ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮ್ಯಾಕ್ 1 ಅಂದರೆ ಶಬ್ದದ ವೇಗ. ಶಬ್ದ ಚಳಿಯಲ್ಲಿ ನಿಧಾನವಾಗಿ ಹೋಗುತ್ತದೆ. 11 ಕಿ.ಮೀ. ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಕೆಳಗೆ ಇರುತ್ತದೆ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಏರ್‌ಬಸ್ ಎ320, ಬೋಯಿಂಗ್ 737 ಇಂಥವು ಮ್ಯಾಕ್ 0.78ರ ಸುಮಾರಿಗೆ ಹಾರುತ್ತವೆ. ದೂರದ ಹಾರಾಟಕ್ಕೆ ಬಳಸುವ 787, ಎ350 ಇಂಥವು ಮ್ಯಾಕ್ 0.85.

ಇನ್ನೂ ಬೇಗ ಯಾಕೆ ಹೋಗಬಾರದು? ಶಬ್ದದ ವೇಗದ ಹತ್ತಿರ ಬಂದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಸ್ವಲ್ಪ ಸಮಯ ಉಳಿಸುವುದಕ್ಕೆ ವಿಪರೀತ ಇಂಧನ ಸುಡಬೇಕಾಗುತ್ತದೆ. 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707 ಹೆಚ್ಚುಕಡಿಮೆ ಇವತ್ತಿನ ವಿಮಾನಗಳಷ್ಟೇ ಬೇಗ ಹಾರುತ್ತಿತ್ತು. ಶಬ್ದದ ವೇಗದ ಆ ಗೋಡೆ ದಾಟಿ ವರ್ಷಗಟ್ಟಲೆ ಸೇವೆ ನಡೆಸಿದ ಪ್ರಯಾಣಿಕ ವಿಮಾನ ಕಾಂಕಾರ್ಡ್. ಅದು 1996ರ ಫೆಬ್ರವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಬಂದಿತ್ತು. 2003ರಲ್ಲಿ ಅದರ ಹಾರಾಟ ನಿಂತಿತು.

ಆದರೆ ದಾರಿಯುದ್ದಕ್ಕೂ ಪೂರ್ತಿ ವೇಗ ಇರುವುದಿಲ್ಲ. ಮೇಲೇರುವುದಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಬೇಕು. ಇಳಿಯುವುದನ್ನು ಊರು ಇನ್ನೂ ಸುಮಾರು 200 ಕಿ.ಮೀ. ಇರುವಾಗಲೇ ಶುರು ಮಾಡುತ್ತಾರೆ. ಹಾಗಾಗಿ ಒಂದು ಗಂಟೆಯ ಹಾರಾಟದಲ್ಲಿ ವಿಮಾನ ಪೂರ್ತಿ ವೇಗದಲ್ಲಿ ಇರುವುದು ಸ್ವಲ್ಪ ಹೊತ್ತು ಮಾತ್ರ. 500 ಕಿ.ಮೀ.ಗೆ ಒಂದು ಗಂಟೆ ಅಂದರೆ 5,000 ಕಿ.ಮೀ.ಗೆ ಹತ್ತು ಗಂಟೆ ಆಗುವುದಿಲ್ಲ, ಆರೂ ಚಿಲ್ಲರೆ ಆಗುತ್ತದೆ. ಹತ್ತಿರದ ಊರಿಗೆ ವಿಮಾನದಲ್ಲಿ ಹೋಗಿ ಹೊತ್ತು ಉಳಿಯಲಿಲ್ಲ ಅನಿಸುವುದಕ್ಕೆ ಇದೂ ಒಂದು ಕಾರಣ.

ಗಾಳಿಯ ಆಟ

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗವೂ ಇದೇ.

ಮೇಲೆ ಹೇಳಿದ ವೇಗ ಗಾಳಿಯೊಳಗೆ ವಿಮಾನದ ವೇಗ. ನೆಲದ ಲೆಕ್ಕದಲ್ಲಿ ಅದು ಎಷ್ಟು ಮುಂದೆ ಹೋಯಿತು ಅನ್ನುವುದು ಬೇರೆ. ಹೊಳೆಯಲ್ಲಿ ದೋಣಿ ಹೋದ ಹಾಗೆ. ಹುಟ್ಟು ಹಾಕುವ ಬಲ ಒಂದೇ ಇದ್ದರೂ, ನೀರು ಹರಿಯುವ ಕಡೆಗೆ ಹೋದರೆ ದಡ ಬೇಗ ಬೇಗ ಹಿಂದೆ ಸರಿಯುತ್ತದೆ. ಎದುರಿಗೆ ಹೋದರೆ ಅಷ್ಟೇ ಬೆವರು ಸುರಿಸಿದರೂ ದಡ ನಿಧಾನ. ಸೀಟಿನ ಮುಂದಿನ ಪರದೆಯಲ್ಲಿ ಕಾಣುವುದು ನೆಲದ ಲೆಕ್ಕದ ವೇಗ. ಹೋಗುವಾಗ 780, ಬರುವಾಗ 1,020 ಅಂತ ಕಂಡರೆ ಎಂಜಿನ್ ಅಷ್ಟೇ ದುಡಿಯುತ್ತಿದೆ, ಹೊಳೆ ಮಾತ್ರ ಬೇರೆ ಕಡೆ ಹರಿಯುತ್ತಿದೆ ಅಂತ ಅರ್ಥ.

ಆ ಹೊಳೆಗೆ ಜೆಟ್ ಸ್ಟ್ರೀಮ್ ಅಂತ ಹೆಸರು. ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಿರುಗಾಳಿಯ ಪಟ್ಟಿ ಅದು. ಉಷ್ಣವಲಯದ ಬಿಸಿ ಗಾಳಿ ಮತ್ತು ಧ್ರುವದ ತಣ್ಣನೆ ಗಾಳಿ ಎದುರಾಗುವ ಕಡೆ ಹುಟ್ಟುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಚಳಿಗಾಲದಲ್ಲಿ ಬಿಸಿ-ತಂಪಿನ ವ್ಯತ್ಯಾಸ ಜಾಸ್ತಿ, ಹಾಗಾಗಿ ಜೋರೂ ಜಾಸ್ತಿ. ಗಂಟೆಗೆ 150 ಕಿ.ಮೀ. ಸಾಮಾನ್ಯ. ಕೆಲವು ದಿನ 300 ದಾಟುತ್ತದೆ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಾಸಬುರೋ ಓಯಿಶಿ. 1920ರ ದಶಕದಲ್ಲಿ ಅವರು ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವ ವೇಗ ನೋಡಿ ಮೇಲಿನ ಗಾಳಿಯನ್ನು ಲೆಕ್ಕ ಹಾಕಿದರು. ತಾವು ಕಂಡದ್ದನ್ನು, ಎಲ್ಲ ದೇಶದವರಿಗೂ ಒಂದು ಭಾಷೆ ಇರಲಿ ಅಂತ ಕಟ್ಟಿದ ಎಸ್ಪೆರಾಂಟೋದಲ್ಲಿ ಪ್ರಕಟಿಸಿದರು. ಲೋಕದವರೆಲ್ಲ ಓದಲಿ ಅನ್ನುವ ಆಸೆ, ಆದರೆ ಓದಿದವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಆ ಗಾಳಿಗೆ ಸಿಕ್ಕಿಕೊಂಡ ಮೇಲೆ ಅದರ ಬಲ ಎಲ್ಲರಿಗೂ ತಿಳಿಯಿತು.

2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿಯ ಸಮಯ. ಜೆಟ್ ಸ್ಟ್ರೀಮ್ ತುಂಬಾ ಜೋರಾಗಿತ್ತು. ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದಕ್ಕಿಂತ ಬೇಗ ಹೋಯಿತಾ? ಇಲ್ಲ. ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಅದನ್ನು ಹೊತ್ತುಕೊಂಡು ಓಡಿತು.

ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿಕೊಂಡರೆ ಸಮ ಆಯಿತಲ್ಲ ಅನಿಸಬಹುದು. ಆಗುವುದಿಲ್ಲ. 5,550 ಕಿ.ಮೀ. ದೂರ, ವಿಮಾನದ ವೇಗ 900, ಗಾಳಿ 100 ಅಂತ ಇಟ್ಟುಕೊಳ್ಳಿ. ಗಾಳಿಯ ಜೊತೆಗೆ ಹೋದರೆ ನೆಲದ ವೇಗ 1,000, ಸಮಯ 5 ಗಂಟೆ 33 ನಿಮಿಷ. ಎದುರಿಗೆ ಹೋದರೆ 800, ಸಮಯ 6 ಗಂಟೆ 56 ನಿಮಿಷ. ಎರಡೂ ಸೇರಿ 12 ಗಂಟೆ 29 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರುವುದಕ್ಕೆ 12 ಗಂಟೆ 20 ನಿಮಿಷ. ಎದುರುಗಾಳಿಯಲ್ಲಿ ನಿಧಾನ ಹೋಗುವುದರಿಂದ ಅದರ ಕೈಯಲ್ಲಿ ಸಿಕ್ಕಿ ಕಳೆಯುವ ಹೊತ್ತೂ ಜಾಸ್ತಿ. ಹಾಗಾಗಿ ಒಟ್ಟಿನಲ್ಲಿ ಯಾವಾಗಲೂ ಸ್ವಲ್ಪ ನಷ್ಟವೇ.

ಇಲ್ಲಿಂದ ಬರುವ ಇನ್ನೊಂದು ಸಂಗತಿ ಮೊದಲ ಸಲ ಕೇಳಿದಾಗ ನಂಬುವುದು ಕಷ್ಟ. ಜಾಸ್ತಿ ದೂರ ಹಾರಿ ಬೇಗ ಮುಟ್ಟಬಹುದು. ಪಶ್ಚಿಮಕ್ಕೆ ಹೋಗುವ ವಿಮಾನ ಜೆಟ್ ಸ್ಟ್ರೀಮಿನ ಎದುರು ಗುದ್ದಾಡುವ ಬದಲು ನೂರಾರು ಕಿಲೋಮೀಟರ್ ಸುತ್ತಿ, ಗಾಳಿ ಸಡಿಲ ಇರುವ ಕಡೆಯಿಂದ ಹೋಗುತ್ತದೆ. ಪೂರ್ವಕ್ಕೆ ಹೋಗುವುದು ಬೇಕೆಂದೇ ಸುತ್ತಿ ಆ ಹೊಳೆಗೆ ಇಳಿಯುತ್ತದೆ. ಸಿಂಗಪುರ-ನ್ಯೂಯಾರ್ಕ್ ದಾರಿ ಲೋಕದ ಅತಿ ಉದ್ದದ ನೇರ ಸೇವೆಗಳಲ್ಲಿ ಮೊದಲ ಸಾಲಿನಲ್ಲಿದೆ. ಮಹಾವೃತ್ತದ ಲೆಕ್ಕದಲ್ಲೇ 15,300 ಕಿ.ಮೀ.ಗೂ ಜಾಸ್ತಿ, ಸುಮಾರು ಹದಿನೆಂಟೂವರೆ ಗಂಟೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ ಶಾಂತಸಾಗರದ ಮೇಲಿಂದ ಗಾಳಿಯ ಬೆನ್ನೇರಿ ಹೋಗುತ್ತಾರೆ. ವಾಪಸ್ ಬರುವಾಗ ಅಟ್ಲಾಂಟಿಕ್ ದಾಟಿ ಯುರೋಪಿನ ಮೇಲಿಂದ ಬರುವುದೂ ಉಂಟು. ಹೋಗುವಾಗಲೂ ಪೂರ್ವಕ್ಕೆ, ಬರುವಾಗಲೂ ಪೂರ್ವಕ್ಕೆ. ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿದಂತೆಯೇ ಆಯಿತು.

ಭೂಮಿಯೇ ತಿರುಗುತ್ತದಲ್ಲ?

ಪೂರ್ವಕ್ಕೂ ಪಶ್ಚಿಮಕ್ಕೂ ಸಮಯ ಬೇರೆ ಇರುವುದು ಭೂಮಿ ಕೆಳಗೆ ತಿರುಗುವುದರಿಂದ ಅಂತ ಬಹಳ ಜನ ನಂಬಿದ್ದಾರೆ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವವರೇ ಬೇಗ ಮುಟ್ಟಬೇಕಿತ್ತು. ಭೂಮಿ ಪೂರ್ವಕ್ಕೆ ತಿರುಗುತ್ತಾ ಊರನ್ನು ಅವರ ಕಡೆಗೇ ತರಬೇಕಿತ್ತಲ್ಲ. ಆಗುವುದು ಅದಕ್ಕೆ ಉಲ್ಟಾ. ರನ್‌ವೇ ಮೇಲೆ ನಿಂತಿರುವಾಗಲೇ ವಿಮಾನ ಭೂಮಿಯ ಜೊತೆ ತಿರುಗುತ್ತಿರುತ್ತದೆ. ಸುತ್ತಲಿನ ಗಾಳಿಯೂ ತಿರುಗುತ್ತಿರುತ್ತದೆ. ಏರಿದ ಮೇಲೂ ಆ ವೇಗ ಬಿಟ್ಟುಹೋಗುವುದಿಲ್ಲ.

ಟಿಕೆಟ್‌ನಲ್ಲಿ ಬರೆದ ಸಮಯ

ಟಿಕೆಟ್‌ನಲ್ಲಿ ಇರುವುದು ಗಾಳಿಯಲ್ಲಿ ಕಳೆಯುವ ಸಮಯ ಮಾತ್ರ ಅಲ್ಲ. ನಿಂತ ಜಾಗದಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ, ಇಳಿದ ಊರಿನಲ್ಲಿ ನಿಲ್ಲುವ ಜಾಗಕ್ಕೆ ಬಂದು ಚಕ್ರ ನಿಲ್ಲುವವರೆಗಿನ ಸಮಯ. ಉದ್ಯಮದವರು ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ತಲುಪುವುದಕ್ಕೇ ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಸಾಲಿನಲ್ಲಿ ಮುಂದೆ ಹತ್ತು ವಿಮಾನ ಇದ್ದರೆ ಇನ್ನೂ ಜಾಸ್ತಿ.

ಇಳಿಯುವ ಕಡೆಯೂ ಕಾಯಬೇಕು. ಲಂಡನ್ನಿನ ಹೀಥ್ರೂ ಸುತ್ತ ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್ ಅಂತ ನಾಲ್ಕು ಕಡೆ ವಿಮಾನಗಳು ಸರದಿಗಾಗಿ ಸುತ್ತು ಹಾಕುತ್ತಾ ಕಾಯುವ ಜಾಗಗಳಿವೆ. ಒಂದರ ಮೇಲೊಂದು, ಮುನ್ನೂರು ಮೀಟರ್ ಅಂತರದಲ್ಲಿ ಸುತ್ತುತ್ತಿರುತ್ತವೆ. ಒಂದು ಸುತ್ತಿಗೆ ಸುಮಾರು 4 ನಿಮಿಷ. ಕೆಳಗಿನದು ಇಳಿಯಲು ಹೋದರೆ ಮೇಲಿನವು ಒಂದೊಂದು ಹಂತ ಕೆಳಗೆ ಬರುತ್ತವೆ. ಕಿಟಕಿಯಲ್ಲಿ ಅದೇ ಹೊಲ, ಅದೇ ರಸ್ತೆ ಎರಡನೇ ಸಲ ಕಂಡರೆ ನೀವು ಅಂಥ ಸುತ್ತಿನಲ್ಲಿದ್ದೀರಿ.

ಇದನ್ನೆಲ್ಲ ನೋಡಿಕೊಂಡೇ ಕಂಪನಿಗಳು ಹಿಂದಿನ ಹಾರಾಟಗಳ ಅನುಭವದಿಂದ ಸಮಯ ನಿಗದಿ ಮಾಡುತ್ತವೆ. ಸ್ವಲ್ಪ ಹೆಚ್ಚುವರಿಯನ್ನೂ ಸೇರಿಸುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹೇಳಿದ ಹೊತ್ತಿಗೇ ಮುಟ್ಟುವುದು ಈ ಹೆಚ್ಚುವರಿಯಿಂದ. ಪೈಲಟ್ ಹೇಳುವ ಸಮಯ ಇದಕ್ಕಿಂತ ಕಡಿಮೆ ಇರುವುದಕ್ಕೂ ಕಾರಣ ಇದೇ. ಅದು ಹಾರಾಟದ ಸಮಯ ಮಾತ್ರ. ಹೊರಡುವ ಕೆಲವು ಗಂಟೆ ಮೊದಲು ಆ ದಿನದ ಗಾಳಿ, ಆ ದಿನದ ದಾರಿ, ಆ ವಿಮಾನದ ತೂಕ ಹಾಕಿ ಮಾಡಿದ ಲೆಕ್ಕ ಅದು. ಫೋನಿನಲ್ಲಿ ಸಿಗುವ ಅಂಕಿಯಾದರೋ ಬಹಳ ಸಲ ಮಹಾವೃತ್ತದ ದೂರವನ್ನು ಒಂದು ಸರಾಸರಿ ವೇಗದಿಂದ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದ್ದು. ಊರು ಎಷ್ಟು ದೂರ ಅಂತ ಅಂದಾಜು ಮಾಡುವುದಕ್ಕೆ ಅದು ಸಾಕು. ಮುಂದಿನ ವಿಮಾನ ಹಿಡಿಯಬೇಕು, ಯಾರನ್ನೋ ಕರೆಯಬೇಕು ಅನ್ನುವುದಕ್ಕೆ ಟಿಕೆಟ್‌ನ ಸಮಯವನ್ನೇ ನೋಡಿ.

ಗಡಿಯಾರ ಕೊಡುವ ಗೊಂದಲ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಸಮಯ ಮುಟ್ಟುವ ಊರಿನ ಗಡಿಯಾರದ್ದು. ಒಂದರಿಂದ ಇನ್ನೊಂದನ್ನು ಸುಮ್ನೆ ಕಳೆದರೆ ಪ್ರಯಾಣದ ಸಮಯ ಸಿಗುವುದಿಲ್ಲ. ಎರಡನ್ನೂ ಒಂದೇ ಗಡಿಯಾರಕ್ಕೆ ತಂದು ಆಮೇಲೆ ಕಳೆಯಬೇಕು.

ಟೋಕಿಯೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 8,250 ಕಿ.ಮೀ. 900ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದರೆ 9 ಗಂಟೆ 40 ನಿಮಿಷ. ಪೂರ್ವಕ್ಕೆ ಹೋಗುವುದರಿಂದ ಗಾಳಿ ಸ್ವಲ್ಪ ಉಳಿಸಿಕೊಡುತ್ತದೆ, ನೆಲದ ಮೇಲಿನ ಓಡಾಟ ಸ್ವಲ್ಪ ತಿನ್ನುತ್ತದೆ. ಒಟ್ಟು ಒಂಬತ್ತೂವರೆ ಗಂಟೆ ಅಂತ ಇಟ್ಟುಕೊಳ್ಳೋಣ. ಚಳಿಗಾಲದಲ್ಲಿ ಟೋಕಿಯೋದ ಗಡಿಯಾರ 17 ಗಂಟೆ ಮುಂದಿರುತ್ತದೆ. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಟ್ಟಾಗ ಈ ವ್ಯತ್ಯಾಸ 16 ಗಂಟೆ. ಸಂಜೆ 5ಕ್ಕೆ ಟೋಕಿಯೋ ಬಿಟ್ಟರೆ, ಅಲ್ಲಿಯ ಲೆಕ್ಕದಲ್ಲಿ ಮುಟ್ಟುವುದು ರಾತ್ರಿ ಎರಡೂವರೆಗೆ. 17 ಗಂಟೆ ಹಿಂದೆ ಸರಿಸಿದರೆ ಬೆಳಿಗ್ಗೆ ಒಂಬತ್ತೂವರೆ, ಅದೂ ಹೊರಟ ದಿನದ್ದೇ. ಸಂಜೆ ಹೊರಟು ಅದೇ ದಿನ ಬೆಳಿಗ್ಗೆ ಇಳಿದಂತಾಯಿತು. ನಡುವೆ ಶಾಂತಸಾಗರದಲ್ಲಿ ತಾರೀಕು ಬದಲಾಗುವ ಗೆರೆಯನ್ನು, ಅಂದರೆ ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟಿದ್ದರ ಫಲ ಇದು.

ಇದರ ಅತಿ ಚಿಕ್ಕ ನಮೂನೆ ಸಮೋವಾದಲ್ಲಿದೆ. 2011ರಲ್ಲಿ ಶಾಂತಸಾಗರದ ಈ ದ್ವೀಪ ದೇಶ ದಿನರೇಖೆಯ ಅಮೆರಿಕದ ಕಡೆಯಿಂದ ಏಷ್ಯಾದ ಕಡೆಗೆ ಬಂತು. ಅದಕ್ಕಾಗಿ ಡಿಸೆಂಬರ್ 30ನ್ನು ಕ್ಯಾಲೆಂಡರ್‌ನಿಂದಲೇ ಬಿಟ್ಟಿತು. ಪಕ್ಕದ ಅಮೆರಿಕನ್ ಸಮೋವಾ ಹಳೇ ಕಡೆಯೇ ಉಳಿಯಿತು. ಎರಡಕ್ಕೂ ಗಡಿಯಾರದ ಮುಳ್ಳು ಒಂದೇ ಕಡೆ, ತಾರೀಕು ಮಾತ್ರ ಒಂದು ದಿನ ಬೇರೆ. ಸಮೋವಾದ ಆಪಿಯಾದಿಂದ ಅಮೆರಿಕನ್ ಸಮೋವಾದ ಪಾಗೋ ಪಾಗೋಗೆ ಸುಮಾರು 130 ಕಿ.ಮೀ. ಸೋಮವಾರ ಹೊರಟವರು ಸಣ್ಣ ವಿಮಾನದಲ್ಲಿ ಒಂದು ಗಂಟೆಯೊಳಗೆ ಭಾನುವಾರಕ್ಕೆ ಇಳಿಯುತ್ತಾರೆ.

ಗಳಿಸಿದ ದಿನವನ್ನು ವಾಪಸ್ ಬರುವಾಗ ಕೊಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ಟೋಕಿಯೋಗೆ ಎದುರುಗಾಳಿ, ಹಾಗಾಗಿ ಹನ್ನೊಂದು ಗಂಟೆ ಬೇಕು. ಮಧ್ಯಾಹ್ನ 12ಕ್ಕೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ ರಾತ್ರಿ 11. ಅದಕ್ಕೆ 17 ಸೇರಿಸಿ. ಟೋಕಿಯೋದಲ್ಲಿ ಇಳಿಯುವುದು ಮರುದಿನ ಸಂಜೆ 4ಕ್ಕೆ. ಹೋಟೆಲ್ ಕಾಯ್ದಿರಿಸುವಾಗ ಆ ಮರುದಿನದ ತಾರೀಕನ್ನೇ ಹಾಕಿ.